ಧರ್ಮದ ದಾವೆಗೆ ಮಾತಿನ ವಾದ: ಅಮೆರಿಕದ ಕೋರ್ಟುಗಳಲ್ಲಿ ಎಡಿಎಫ್ ಹಾಕುವ ಪಟ್ಟು

ಅಮೆರಿಕದ ಕೊಲರಾಡೊ ರಾಜ್ಯದ ಆಪ್ತಸಮಾಲೋಚಕಿಯೊಬ್ಬರ ಮೊಕದ್ದಮೆಯ ಸುದ್ದಿ ಓದಿದವರು ತಲೆ ಕೆರೆದುಕೊಂಡಿದ್ದರೆ ಆಶ್ಚರ್ಯವಿಲ್ಲ. ಹದಿನೆಂಟು ತುಂಬದವರ ಲೈಂಗಿಕ ಒಲವನ್ನೋ ಲಿಂಗತ್ವದ ಗುರುತನ್ನೋ ಬದಲಿಸುವ ‘ಚಿಕಿತ್ಸೆ’ಯನ್ನು ಪರವಾನಗಿ ಪಡೆದ ಸಮಾಲೋಚಕರು ಕೊಡಕೂಡದು ಎಂದು ಆ ರಾಜ್ಯ 2019ರಲ್ಲಿ ಕಾಯ್ದೆ ಮಾಡಿತು. ಅದನ್ನು ಪ್ರಶ್ನಿಸಿದ ಸಮಾಲೋಚಕಿ ಕ್ರೈಸ್ತ ಶ್ರದ್ಧೆಯವರು. ಅವರ ಬಳಿ ಬರುವವರಲ್ಲೂ ಅದೇ ಶ್ರದ್ಧೆಯ ಕುಟುಂಬಗಳು ಬಹಳ. ಅವರ ಪರ ನಿಂತ ವಕೀಲರ ಸಂಸ್ಥೆಯೂ ಕ್ರೈಸ್ತ ಸಂಪ್ರದಾಯವಾದಿಗಳದ್ದು. ಆದರೂ 2025ರ ಅಕ್ಟೋಬರ್ 7ರಂದು ಸುಪ್ರೀಂ ಕೋರ್ಟಿನ ಮುಂದೆ ನಡೆದ ವಾದವೆಲ್ಲ ಒಂದೇ ಪ್ರಶ್ನೆಯ ಸುತ್ತ ತಿರುಗಿತು: ಸಮಾಲೋಚಕರು ಎದುರು ಕೂತವರ ಜೊತೆ ಆಡುವ ಮಾತು ‘ಮಾತೋ’, ‘ಚಿಕಿತ್ಸೆಯೋ’?

ಧರ್ಮದ ಕಾರಣಕ್ಕೆ ಶುರುವಾದ ಜಗಳದಲ್ಲಿ ಧರ್ಮ ಏಕೆ ಹಿಂದೆ ಸರಿಯಿತು ಎಂಬುದು ಗೊತ್ತಾದರೆ ಕಳೆದ ಹದಿನೈದು ವರ್ಷಗಳ ಅಮೆರಿಕದ ಎಷ್ಟೋ ತೀರ್ಪುಗಳು ಅರ್ಥವಾಗುತ್ತವೆ. ಸಂಸ್ಥೆಯ ಹೆಸರು ಅಲಯನ್ಸ್ ಡಿಫೆಂಡಿಂಗ್ ಫ್ರೀಡಂ, ಚಿಕ್ಕದಾಗಿ ಎಡಿಎಫ್. ಕೊಲರಾಡೊ ವಿರುದ್ಧ ಅದು ಸುಪ್ರೀಂ ಕೋರ್ಟಿನಲ್ಲಿ ವಾದಿಸಿದ ಮೂರನೇ ಪ್ರಕರಣ ಇದು.

ಕಕ್ಷಿದಾರರಿಂದ ಕಾಸು ಕೇಳದ ವಕೀಲರು

1990ರ ದಶಕದ ಮೊದಲ ವರ್ಷಗಳಲ್ಲಿ ಜೇಮ್ಸ್ ಡಾಬ್ಸನ್, ಬಿಲ್ ಬ್ರೈಟ್, ಡಿ. ಜೇಮ್ಸ್ ಕೆನಡಿ ಮುಂತಾದ ಇವ್ಯಾಂಜೆಲಿಕಲ್ ಮುಖಂಡರಿಗೆ ಒಂದು ಕೊರಗಿತ್ತು. ಎಸಿಎಲ್‌ಯು ಎಂಬ ನಾಗರಿಕ ಹಕ್ಕುಗಳ ಸಂಘಟನೆ ಶಾಲಾ ಪ್ರಾರ್ಥನೆ, ಗರ್ಭಪಾತದಂಥ ವಿಷಯಗಳಲ್ಲಿ ಒಂದಾದ ಮೇಲೊಂದು ಮೊಕದ್ದಮೆ ಗೆಲ್ಲುತ್ತಿದೆ, ಚರ್ಚುಗಳ ಪರ ಅದಕ್ಕೆ ಸಮನಾಗಿ ನಿಲ್ಲುವವರಿಲ್ಲ ಎಂಬುದು ಆ ಕೊರಗು. ಅದರಿಂದ ಹುಟ್ಟಿದ್ದು ಈ ಸಂಸ್ಥೆ. ಕೇಂದ್ರ ಕಚೇರಿ ಅರಿಜೋನಾದ ಸ್ಕಾಟ್ಸ್‌ಡೇಲ್. ಮೊದಲಿಗೆ ಅದು ಬೇರೆ ವಕೀಲರಿಗೆ ಹಣ ಕೊಡುವ ನಿಧಿ ಮಾತ್ರವಾಗಿತ್ತು. ಬರಬರುತ್ತಾ ಸ್ವಂತ ವಕೀಲರ ದೊಡ್ಡ ಪಡೆ ಕಟ್ಟಿತು. ಈಗಿನ ಹೆಸರು ಬಂದದ್ದು 2012ರಲ್ಲಿ. ಕಕ್ಷಿದಾರರಿಂದ ಶುಲ್ಕ ಪಡೆಯುವುದಿಲ್ಲ, ಖರ್ಚು ನಡೆಯುವುದು ದೇಣಿಗೆಯಲ್ಲಿ. ವಾರ್ಷಿಕ ಆದಾಯ ಹತ್ತು ಕೋಟಿ ಡಾಲರ್ ದಾಟಿದ್ದುಂಟು.

ಇಲ್ಲಿ ಒಂದು ಸೂಕ್ಷ್ಮವಿದೆ. ಸಂವಿಧಾನದತ್ತ ಹಕ್ಕಿಗೆ ಧಕ್ಕೆ ತಂದ ರಾಜ್ಯ ಸರ್ಕಾರವೋ ಪುರಸಭೆಯೋ ಕೇಸು ಸೋತರೆ, ಗೆದ್ದವರ ವಕೀಲರ ಶುಲ್ಕವನ್ನೂ ಅದೇ ಭರಿಸಬೇಕಾಗುತ್ತದೆ. ಹಾಗಾಗಿ ಎಡಿಎಫ್‌ನಿಂದ ನೋಟಿಸು ಬಂತೆಂದರೆ ಸಣ್ಣ ಊರಿನ ಆಡಳಿತವೋ ಕಾಲೇಜೋ ಕೋರ್ಟು ಮೆಟ್ಟಿಲು ಹತ್ತುವ ಮೊದಲೇ ನಿಯಮ ಬದಲಿಸಿಕೊಳ್ಳುವುದುಂಟು. ಇಂಥವು ಸುದ್ದಿಯಾಗುವುದಿಲ್ಲ.

ಕಾನೂನು ವಿದ್ಯಾರ್ಥಿಗಳಿಗೆ ಸಂಸ್ಥೆ 2000ದಿಂದ ಬ್ಲ್ಯಾಕ್‌ಸ್ಟೋನ್ ಎಂಬ ಬೇಸಿಗೆ ತರಬೇತಿ ನಡೆಸುತ್ತಿದೆ. ಅಲ್ಲಿ ಕಲಿತವರು ಮುಂದೆ ನ್ಯಾಯಾಧೀಶರ ಕಚೇರಿ, ರಾಜ್ಯಗಳ ಅಟಾರ್ನಿ ಜನರಲ್ ಕಚೇರಿಗಳಿಗೆ ಹೋಗುತ್ತಾರೆ. ಸುಪ್ರೀಂ ಕೋರ್ಟಿಗೆ ಬರುವ ಮುನ್ನ ಏಮಿ ಕೋನಿ ಬ್ಯಾರೆಟ್ ಅಲ್ಲಿ ಉಪನ್ಯಾಸ ಕೊಟ್ಟಿದ್ದರು; 2017ರಲ್ಲಿ ಸೆನೆಟ್ ವಿಚಾರಣೆಯಲ್ಲಿ ಅದು ಪ್ರಶ್ನೆಯಾಗಿತ್ತು. 2023ರಲ್ಲಿ ಜನಪ್ರತಿನಿಧಿ ಸಭೆಯ ಸ್ಪೀಕರ್ ಆದ ಮೈಕ್ ಜಾನ್ಸನ್ ಒಂದು ಕಾಲಕ್ಕೆ ಎಡಿಎಫ್ ವಕೀಲರಾಗಿದ್ದವರು.

ಗೆದ್ದೂ ಗೆಲ್ಲದ ಕೇಕ್ ಕೇಸು

2012ರ ಜುಲೈ. ಡೆನ್ವರ್ ಪಕ್ಕದ ಲೇಕ್‌ವುಡ್‌ನಲ್ಲಿ ಜ್ಯಾಕ್ ಫಿಲಿಪ್ಸ್ ಎಂಬವರ ಬೇಕರಿಗೆ ಇಬ್ಬರು ಗಂಡಸರು ಬಂದು ತಮ್ಮ ಮದುವೆಗೆ ಕೇಕ್ ಬೇಕೆಂದರು. ಹುಟ್ಟುಹಬ್ಬದ ಕೇಕ್, ಬಿಸ್ಕತ್ತು ಏನು ಬೇಕಾದರೂ ಕೊಡುತ್ತೇನೆ, ಸಲಿಂಗ ಮದುವೆಗೆ ಮಾತ್ರ ಕೇಕ್ ಮಾಡಲಾರೆ ಎಂದರು ಫಿಲಿಪ್ಸ್. ಮಾತುಕತೆ ಅಲ್ಲಿಗೇ ಮುಗಿಯಿತು. ಯಾವ ವಿನ್ಯಾಸ, ಮೇಲೆ ಏನು ಬರೆಯಬೇಕು ಎಂಬುದರ ಪ್ರಸ್ತಾಪವೇ ಬರಲಿಲ್ಲ. ಈ ಸಣ್ಣ ವಿವರ ಮುಂದೆ ದೊಡ್ಡ ತಲೆನೋವಾಯಿತು: ವಿನ್ಯಾಸದ ಮಾತೇ ಆಡದಿದ್ದರೆ ಬೇಕರಿಯವರು ನಿರಾಕರಿಸಿದ್ದು ಒಂದು ಸಂದೇಶವನ್ನೋ, ಎದುರು ನಿಂತ ಮನುಷ್ಯರನ್ನೋ? ಇನ್ನೊಂದು ವಿಚಿತ್ರವೆಂದರೆ ಆಗ ಕೊಲರಾಡೊ ಸಲಿಂಗ ಮದುವೆಯನ್ನೇ ಒಪ್ಪಿರಲಿಲ್ಲ. ಜೋಡಿ ಮದುವೆಯಾಗಲು ಮ್ಯಾಸಚೂಸೆಟ್ಸ್‌ಗೆ ಹೋಗುವುದಿತ್ತು. ಮದುವೆಗೆ ಮಾನ್ಯತೆ ಕೊಡದ ಸರ್ಕಾರವೇ ಆ ಮದುವೆಗೆ ಕೇಕ್ ಕೊಡದವರ ಮೇಲೆ ಕ್ರಮ ಕೈಗೊಂಡಿತು.

ರಾಜ್ಯದ ನಾಗರಿಕ ಹಕ್ಕುಗಳ ಆಯೋಗ ಫಿಲಿಪ್ಸ್ ವಿರುದ್ಧ ಆದೇಶ ಕೊಟ್ಟಿತು. 2018ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ 7–2ರ ಬಹುಮತದಿಂದ ಅದನ್ನು ರದ್ದುಪಡಿಸಿತು. ಬೇಕರಿಯವರಿಗೆ ಗೆಲುವು ಎಂದು ಪತ್ರಿಕೆಗಳು ಬರೆದವು. ತೀರ್ಪಿನಲ್ಲಿದ್ದದ್ದು ಬೇರೆ. ಧರ್ಮದ ಹೆಸರಲ್ಲಿ ಗುಲಾಮಗಿರಿಯನ್ನೂ ಯಹೂದಿಗಳ ನರಮೇಧವನ್ನೂ ಸಮರ್ಥಿಸಲಾಗಿತ್ತು ಎಂದು ಆಯೋಗದ ಸದಸ್ಯರೊಬ್ಬರು ವಿಚಾರಣೆಯಲ್ಲಿ ಹೇಳಿದ್ದರು. ಸಲಿಂಗಿಗಳನ್ನು ಖಂಡಿಸುವ ಬರಹದ ಕೇಕ್ ಮಾಡಲೊಲ್ಲದ ಬೇರೆ ಬೇಕರಿಗಳನ್ನು ಅದೇ ಆಯೋಗ ತಪ್ಪಿತಸ್ಥರೆಂದಿರಲಿಲ್ಲ. ಆಯೋಗ ಫಿಲಿಪ್ಸ್ ಅವರ ಧರ್ಮವನ್ನು ಹಗೆಯಿಂದ ಕಂಡಿದೆ ಎಂದು ನ್ಯಾಯಮೂರ್ತಿ ಆಂಟನಿ ಕೆನಡಿ ಬರೆದರು. ಅಂದರೆ ತಪ್ಪು ಕಂಡದ್ದು ವಿಚಾರಣೆ ನಡೆಸಿದ ರೀತಿಯಲ್ಲಿ. ಸಲಿಂಗ ಮದುವೆಗೆ ಸೇವೆ ನಿರಾಕರಿಸಬಹುದೇ ಎಂಬ ಮೂಲ ಪ್ರಶ್ನೆ ಹಾಗೆಯೇ ಉಳಿಯಿತು. ಉದಾರವಾದಿಗಳೆನಿಸಿಕೊಂಡ ಇಬ್ಬರು ನ್ಯಾಯಮೂರ್ತಿಗಳೂ ಬಹುಮತದ ಜೊತೆ ಹೋದದ್ದಕ್ಕೆ ಕಾರಣ ತೀರ್ಪು ಅಷ್ಟು ಕಿರಿದಾಗಿದ್ದದ್ದು.

ಧರ್ಮವನ್ನು ಬಿಟ್ಟು ಮಾತನ್ನು ಹಿಡಿದದ್ದೇಕೆ

ನಂಬಿಕೆಯೇ ಕಾರಣವೆಂದಾದರೆ ಧಾರ್ಮಿಕ ಸ್ವಾತಂತ್ರ್ಯದ ಹಕ್ಕನ್ನೇ ಮುಂದಿಡಬಹುದಿತ್ತಲ್ಲ? ಇಡಬಹುದು, ಆದರೆ ಅದು ಬಲವಿಲ್ಲದ ಅಸ್ತ್ರ. ಅದರ ಬಲ ಕುಂದಿಸಿದ್ದು 1990ರ ಒಂದು ತೀರ್ಪು. ಆರೆಗಾನ್‌ನಲ್ಲಿ ವ್ಯಸನಮುಕ್ತಿ ಕೇಂದ್ರದ ಇಬ್ಬರು ನೌಕರರು ಮೂಲನಿವಾಸಿ ಅಮೆರಿಕನ್ನರ ಚರ್ಚಿನ ವಿಧಿಯಲ್ಲಿ ಪೆಯೋಟಿ ಎಂಬ ಮತ್ತೇರಿಸುವ ಕಳ್ಳಿ ಸೇವಿಸಿ ಕೆಲಸ ಕಳೆದುಕೊಂಡಿದ್ದರು. ಅವರಿಗೆ ನಿರುದ್ಯೋಗ ಭತ್ಯೆಯೂ ಸಿಗಲಿಲ್ಲ. ಕಾನೂನು ಎಲ್ಲರಿಗೂ ಒಂದೇ ರೀತಿ ಅನ್ವಯಿಸುವಂತಿದ್ದರೆ, ನನ್ನ ಧರ್ಮ ಒಪ್ಪುವುದಿಲ್ಲ ಎಂಬ ಕಾರಣಕ್ಕೆ ವಿನಾಯಿತಿ ಕೇಳುವಂತಿಲ್ಲ ಎಂದಿತು ಕೋರ್ಟ್. ಬರೆದವರು ಸಂಪ್ರದಾಯವಾದಿಗಳ ಆರಾಧ್ಯ ನ್ಯಾಯಮೂರ್ತಿ ಆಂಟೊನಿನ್ ಸ್ಕಾಲಿಯಾ.

ಸಂಸತ್ತು ಸುಮ್ಮನಿರಲಿಲ್ಲ. ಎಡ–ಬಲ ಎರಡೂ ಕಡೆಯವರು ಸೇರಿ 1993ರಲ್ಲಿ ಧಾರ್ಮಿಕ ಸ್ವಾತಂತ್ರ್ಯ ಮರುಸ್ಥಾಪನೆ ಕಾಯ್ದೆ ತಂದರು. ಆದರೆ ಅದು ರಾಜ್ಯಗಳಿಗೆ ಅನ್ವಯಿಸದು, ಕೇಂದ್ರ ಸರ್ಕಾರಕ್ಕೆ ಮಾತ್ರ ಎಂದು ಕೋರ್ಟ್ 1997ರಲ್ಲಿ ಹೇಳಿತು. ಈ ಭೇದ ತಿಳಿದರೆ ಅರ್ಧ ಗೊಂದಲ ಪರಿಹಾರ. ಪೆನ್ಸಿಲ್ವೇನಿಯಾದ ಮೆನೊನೈಟ್ ಎಂಬ ಕ್ರೈಸ್ತ ಪಂಥದ ಕುಟುಂಬವೊಂದರ ಮರಗೆಲಸದ ಕಂಪನಿ, ನೌಕರರ ವಿಮೆಯಲ್ಲಿ ಕೆಲವು ಗರ್ಭನಿರೋಧಕಗಳನ್ನು ಸೇರಿಸಲು ಒಪ್ಪದಿದ್ದಾಗ ಅದರ ಪರ ನಿಂತದ್ದು ಎಡಿಎಫ್. ಆ ನಿಯಮ ಕೇಂದ್ರದ್ದು. ಹಾಗಾಗಿ 1993ರ ಕಾಯ್ದೆ ಕೈಹಿಡಿಯಿತು. ಇಂಥದೇ ಆಕ್ಷೇಪ ಎತ್ತಿದ್ದ ಹಾಬಿ ಲಾಬಿ ಕಂಪನಿಯ ಮೊಕದ್ದಮೆಯ ಜೊತೆಗೇ 2014ರಲ್ಲಿ 5–4ರಲ್ಲಿ ಗೆಲುವಾಯಿತು. ಅಂಗಡಿಯವರು ಗಿರಾಕಿಗಳಲ್ಲಿ ತಾರತಮ್ಯ ಮಾಡಬಾರದೆಂಬ ಕಾಯ್ದೆಗಳಾದರೋ ಹೆಚ್ಚಾಗಿ ರಾಜ್ಯಗಳವು. ಅಲ್ಲಿ ಆ ಕಾಯ್ದೆಯ ರಕ್ಷೆ ಇಲ್ಲ, 1990ರ ತೀರ್ಪು ಅಡ್ಡ ನಿಂತಿದೆ.

ಮಾತಿನ ಹಕ್ಕಿನ ಕಥೆಯೇ ಬೇರೆ. ಒಬ್ಬರ ಬಾಯಿಂದ ಅವರು ಒಪ್ಪದ ಮಾತನ್ನು ಸರ್ಕಾರ ಹೊರಡಿಸುವಂತಿಲ್ಲ ಎಂಬುದು ಅಮೆರಿಕದಲ್ಲಿ 1943ರಿಂದ ಗಟ್ಟಿಯಾಗಿ ನಿಂತ ತತ್ವ. ಶಾಲೆಯಲ್ಲಿ ಧ್ವಜವಂದನೆ ಮಾಡಲೊಲ್ಲದ ಯೆಹೋವನ ಸಾಕ್ಷಿ ಪಂಥದ ಮಕ್ಕಳ ಪ್ರಕರಣದಲ್ಲಿ ಅದು ಸ್ಥಾಪಿತವಾಯಿತು. ಎಡಿಎಫ್‌ಗೂ ಈ ದಾರಿ ಹೊಸದಲ್ಲ. ಅದು ಹಣ ಕೊಟ್ಟ ಆರಂಭದ ಮೊಕದ್ದಮೆಗಳಲ್ಲೊಂದು ವರ್ಜೀನಿಯಾ ವಿಶ್ವವಿದ್ಯಾಲಯದ ಕ್ರೈಸ್ತ ವಿದ್ಯಾರ್ಥಿ ಪತ್ರಿಕೆಯದ್ದು. ಉಳಿದ ಪತ್ರಿಕೆಗಳಿಗೆ ಮುದ್ರಣ ವೆಚ್ಚ ಕೊಡುವ ವಿಶ್ವವಿದ್ಯಾಲಯ ಇದಕ್ಕೆ ಕೊಡದಿರುವುದು ಅಭಿಪ್ರಾಯದ ಆಧಾರದ ತಾರತಮ್ಯ ಎಂದು 1995ರಲ್ಲೇ ಕೋರ್ಟ್ ಹೇಳಿತ್ತು.

ಒಂದೂ ಮದುವೆಯ ವೆಬ್‌ಸೈಟ್ ಮಾಡದೆ ಗೆದ್ದ ವಿನ್ಯಾಸಕಿ

ಕೇಕ್ ಕೇಸಿನಲ್ಲಿ ಬಗೆಹರಿಯದ ಪ್ರಶ್ನೆಯನ್ನು ಎಡಿಎಫ್ ಮತ್ತೊಂದು ದಾರಿಯಲ್ಲಿ ತಂದಿತು. ಕೊಲರಾಡೊದ ವೆಬ್ ವಿನ್ಯಾಸಕಿಯೊಬ್ಬರ 303 ಕ್ರಿಯೇಟಿವ್ ಎಂಬ ಸಣ್ಣ ಕಂಪನಿ 2016ರಲ್ಲಿ ದಾವೆ ಹೂಡಿತು. ಆಕೆ ಅಲ್ಲಿಯವರೆಗೆ ಯಾರ ಮದುವೆಗೂ ವೆಬ್‌ಸೈಟ್ ಮಾಡಿರಲಿಲ್ಲ. ಆಕೆಯ ಮೇಲೆ ದೂರಿಲ್ಲ, ದಂಡವಿಲ್ಲ. ಮುಂದೆ ಮಾಡಬೇಕೆಂದಿದ್ದೇನೆ, ಆಗ ಸಲಿಂಗ ಮದುವೆಗೂ ಮಾಡೆಂದು ರಾಜ್ಯ ಬಲವಂತಪಡಿಸುತ್ತದೆ ಎಂಬ ಭಯವೇ ದಾವೆಗೆ ಆಧಾರ. ಕಾನೂನು ಜಾರಿಯಾಗುವ ಮುನ್ನವೇ ಹೀಗೆ ರಕ್ಷಣೆ ಕೇಳಲು ಅಮೆರಿಕದಲ್ಲಿ ಅವಕಾಶವಿದೆ.

ಇದರಿಂದ ಆದ ಲಾಭ ನೋಡಿ. ಕೇಕ್ ಅಂಗಡಿಯಲ್ಲಿ ನಡೆದದ್ದು ನಿಜವಾದ ಘಟನೆ; ಅವಮಾನವಾಗಿ ಹೊರನಡೆದ ಜೋಡಿಯೊಂದು ಕೋರ್ಟಿನ ಕಣ್ಣೆದುರಿಗಿತ್ತು. ಇಲ್ಲಿ ಅಂಥವರು ಯಾರೂ ಇಲ್ಲ. ಅದಕ್ಕಿಂತ ಮುಖ್ಯವಾಗಿ, ಸಾಕ್ಷಿ ವಿಚಾರಣೆಯ ಬದಲು ಎರಡೂ ಕಡೆಯವರು ಕೆಲವು ಸಂಗತಿಗಳನ್ನು ಲಿಖಿತವಾಗಿ ಒಪ್ಪಿಕೊಂಡರು: ಆಕೆ ಸಲಿಂಗಿಗಳೂ ಸೇರಿ ಯಾರ ಜೊತೆಗಾದರೂ ಕೆಲಸ ಮಾಡುತ್ತಾರೆ, ಆಕೆ ಮಾಡುವ ವೆಬ್‌ಸೈಟು ಅಭಿವ್ಯಕ್ತಿಯ ರೂಪ. ಇಷ್ಟಕ್ಕೆ ಕೊಲರಾಡೊ ಹೂಂ ಎಂದ ದಿನವೇ ಅರ್ಧ ಮೊಕದ್ದಮೆ ಕೈಬಿಟ್ಟಿತ್ತು ಎನ್ನಬೇಕು. ಮೇಲ್ಮನವಿ ನ್ಯಾಯಾಲಯ ಆಕೆಯ ವಿರುದ್ಧ ತೀರ್ಪು ಕೊಟ್ಟರೂ, 2022ರಲ್ಲಿ ಪ್ರಕರಣ ಕೈಗೆತ್ತಿಕೊಂಡ ಸುಪ್ರೀಂ ಕೋರ್ಟ್ ಧರ್ಮದ ಪ್ರಶ್ನೆಯನ್ನು ಪಕ್ಕಕ್ಕಿಟ್ಟು ಮಾತಿನ ಪ್ರಶ್ನೆಯೊಂದನ್ನೇ ವಿಚಾರಣೆಗೆ ತೆಗೆದುಕೊಂಡಿತು.

2023ರ ಜೂನ್ 30ರ ತೀರ್ಪು 6–3. ತಮ್ಮದೇ ಸೃಷ್ಟಿಯ ಅಭಿವ್ಯಕ್ತಿಯ ಮೂಲಕ ಒಪ್ಪದ ಸಂದೇಶ ಸಾರುವಂತೆ ಯಾರನ್ನೂ ರಾಜ್ಯ ಬಲವಂತ ಮಾಡಲಾಗದು ಎಂದು ನ್ಯಾಯಮೂರ್ತಿ ನೀಲ್ ಗೋರ್ಸಚ್ ಬರೆದರು. ಸಾರ್ವಜನಿಕರಿಗೆ ತೆರೆದ ವ್ಯಾಪಾರವೊಂದಕ್ಕೆ, ರಕ್ಷಣೆಯಿರುವ ವರ್ಗದ ಜನರನ್ನು ನಿರಾಕರಿಸುವ ಸಾಂವಿಧಾನಿಕ ಹಕ್ಕನ್ನು ಕೋರ್ಟ್ ಮೊದಲ ಬಾರಿಗೆ ಕೊಟ್ಟಿದೆ ಎಂದು ಭಿನ್ನಮತ ಬರೆದ ಸೋನಿಯಾ ಸೊಟೊಮೇಯರ್ ಆಕ್ಷೇಪಿಸಿದರು.

ಇದೇ ಗೋರ್ಸಚ್ 2020ರಲ್ಲಿ, ಸಲಿಂಗಿ ಅಥವಾ ಲಿಂಗಪರಿವರ್ತಿತರೆಂಬ ಕಾರಣಕ್ಕೆ ನೌಕರಿಯಿಂದ ತೆಗೆಯುವುದು ಕೇಂದ್ರದ ಕಾಯ್ದೆಗೆ ವಿರುದ್ಧ ಎಂಬ ತೀರ್ಪನ್ನೂ ಬರೆದಿದ್ದರು. ಅಲ್ಲಿ ಸೋತವರಲ್ಲಿ ಎಡಿಎಫ್ ಪ್ರತಿನಿಧಿಸಿದ್ದ ಮಿಷಿಗನ್‌ನ ಶವಸಂಸ್ಕಾರ ಸಂಸ್ಥೆಯೂ ಇತ್ತು. ಅಲ್ಲಿ ಪ್ರಶ್ನೆ ನೌಕರಿಯದ್ದು, ಇಲ್ಲಿ ಸಂದೇಶದ್ದು. ನ್ಯಾಯಮೂರ್ತಿಗಳನ್ನು ಎಡ, ಬಲ ಎಂದು ಮಾತ್ರ ಎಣಿಸುವವರಿಗೆ ಇದು ಒಗಟಾಗುತ್ತದೆ.

ಗರ್ಭಪಾತ: ಒಂದು ಗೆಲುವು, ಒಂದು ಸೋಲು

ಮೊಕದ್ದಮೆ ನಡೆಸುವುದಷ್ಟೇ ಎಡಿಎಫ್ ಕೆಲಸವಲ್ಲ, ಕಾನೂನಿನ ಕರಡು ಬರೆದುಕೊಡುವುದೂ ಹೌದು. ಮಿಸಿಸಿಪ್ಪಿ ರಾಜ್ಯ 2018ರಲ್ಲಿ 15 ವಾರಗಳ ನಂತರದ ಗರ್ಭಪಾತ ನಿಷೇಧಿಸಿದ್ದು ಎಡಿಎಫ್ ಸಿದ್ಧಪಡಿಸಿದ ಮಾದರಿಯ ಆಧಾರದ ಮೇಲೆ. ಪೂರ್ತಿ ನಿಷೇಧವಾಗಿದ್ದರೆ ಕೆಳಗಿನ ಕೋರ್ಟುಗಳು ತಳ್ಳಿಹಾಕಿದ ಮೇಲೆ ಸುಪ್ರೀಂ ಕೋರ್ಟ್ ಮುಟ್ಟದೆ ಬಿಡುವ ಸಾಧ್ಯತೆ ಹೆಚ್ಚಿತ್ತು. 15 ವಾರ ಎಂಬುದು ನೋಡಲು ಮಿತವಾಗಿತ್ತು; ಆದರೆ ಹೊರಗೆ ಬದುಕಬಲ್ಲಷ್ಟು ಭ್ರೂಣ ಬೆಳೆಯುವ ಮುನ್ನ ನಿಷೇಧ ಕೂಡದೆಂಬ ಹಳೆಯ ಗೆರೆಯನ್ನು ಅದು ನೇರವಾಗಿ ದಾಟಿತ್ತು. ಅದನ್ನು ಎತ್ತಿಹಿಡಿಯಬೇಕಾದರೆ ಆ ಗೆರೆಯನ್ನೇ ಅಳಿಸಬೇಕು. 2022ರ ಜೂನ್ 24ರಂದು ಕೋರ್ಟ್ ಅದನ್ನೇ ಮಾಡಿತು, ಗರ್ಭಪಾತವನ್ನು ಸಾಂವಿಧಾನಿಕ ಹಕ್ಕೆಂದಿದ್ದ 1973ರ ರೋ ತೀರ್ಪು ರದ್ದಾಯಿತು.

ಅದೇ ಹುರುಪಿನಲ್ಲಿ ಹಾಕಿದ ಮುಂದಿನ ಹೆಜ್ಜೆ ಜಾರಿತು. ಗರ್ಭಪಾತದ ಮಾತ್ರೆ ಮಿಫೆಪ್ರಿಸ್ಟೋನ್‌ಗೆ 2000ದಲ್ಲಿ ಸಿಕ್ಕ ಅನುಮತಿಯನ್ನು ಪ್ರಶ್ನಿಸಲು ಗರ್ಭಪಾತ ವಿರೋಧಿ ವೈದ್ಯರ ಒಕ್ಕೂಟವೊಂದು 2022ರ ಆಗಸ್ಟ್‌ನಲ್ಲಿ ಟೆಕ್ಸಸ್‌ನ ಅಮರಿಲೊದಲ್ಲಿ ನೋಂದಣಿಯಾಯಿತು. ನವೆಂಬರ್‌ನಲ್ಲಿ ಅಲ್ಲೇ ಅದರ ಪರ ಎಡಿಎಫ್ ದಾವೆ ಹೂಡಿತು. ಆ ಊರೇ ಏಕೆ? ಅಲ್ಲಿ ಹೂಡಿದ ಕೇಂದ್ರ ದಾವೆಗಳು ಹೆಚ್ಚುಕಡಿಮೆ ಎಲ್ಲವೂ ಒಬ್ಬರೇ ನ್ಯಾಯಾಧೀಶ ಮ್ಯಾಥ್ಯೂ ಕ್ಯಾಕ್ಸ್‌ಮರಿಕ್ ಅವರ ಮುಂದೆ ಹೋಗುತ್ತಿದ್ದವು. ಅವರು ಹಿಂದೆ ಇಂಥದೇ ಇನ್ನೊಂದು ಧಾರ್ಮಿಕ ಹಕ್ಕುಗಳ ಸಂಸ್ಥೆಯ ವಕೀಲರಾಗಿದ್ದವರು. 2023ರ ಏಪ್ರಿಲ್‌ನಲ್ಲಿ ಅವರು ಅನುಮತಿಗೆ ತಡೆ ಕೊಟ್ಟರು. ಸುಪ್ರೀಂ ಕೋರ್ಟ್ ಆ ತಡೆಯನ್ನು ತೆರವು ಮಾಡಿ, 2024ರ ಜೂನ್‌ನಲ್ಲಿ ಸರ್ವಾನುಮತದಿಂದ ದಾವೆಯನ್ನು ತಳ್ಳಿಹಾಕಿತು. ಮಾತ್ರೆ ಬರೆದುಕೊಡದ, ಬಳಸದ ವೈದ್ಯರಿಗೆ ಆದ ನಷ್ಟವಾದರೂ ಏನು ಎಂಬುದೇ ಪ್ರಶ್ನೆ. ಮಾತ್ರೆ ಸರಿಯೋ ತಪ್ಪೋ ಎಂಬುದಕ್ಕೆ ಕೋರ್ಟ್ ಕೈಹಾಕಲಿಲ್ಲ. ಅದೇ ದಾವೆಯಲ್ಲಿ ಸೇರಿಕೊಂಡಿದ್ದ ಮಿಸೌರಿ, ಕಾನ್ಸಾಸ್, ಐಡಾಹೊ ರಾಜ್ಯಗಳು ಹೋರಾಟ ಮುಂದುವರಿಸಿದವು. ಕಕ್ಷಿದಾರರ ಆಯ್ಕೆಯೇ ಬಲವಾಗಿದ್ದ ಸಂಸ್ಥೆ ಕಕ್ಷಿದಾರರ ಆಯ್ಕೆಯಲ್ಲೇ ಎಡವಿದ ಪ್ರಕರಣ ಇದು.

ಹಕ್ಕಿನ ಕಾವಲೋ, ತಾರತಮ್ಯದ ಪರವಾನಗಿಯೋ

ಬೆಂಬಲಿಗರ ವಾದ ಸರಳ. ಇಂದು ಕ್ರೈಸ್ತ ವಿನ್ಯಾಸಕಿಗೆ ಸಿಕ್ಕ ರಕ್ಷಣೆ ನಾಳೆ ಚರ್ಚಿನ ಸಲಿಂಗ ವಿರೋಧಿ ಭಿತ್ತಿಪತ್ರ ಮಾಡಲೊಲ್ಲದ ಸಲಿಂಗಿ ಕಲಾವಿದನಿಗೂ ಸಿಗುತ್ತದೆ. ಚರ್ಚಿನ ಸಣ್ಣ ದಿಕ್ಸೂಚಿ ಫಲಕಗಳಿಗೆ ಕಡಿವಾಣ ಹಾಕಿದ್ದ ಅರಿಜೋನಾದ ಗಿಲ್ಬರ್ಟ್ ಪಟ್ಟಣದ ವಿರುದ್ಧ 2015ರಲ್ಲಿ ಎಡಿಎಫ್ 9–0ರಲ್ಲಿ ಗೆದ್ದದ್ದನ್ನೂ ಅವರು ನೆನಪಿಸುತ್ತಾರೆ. ಮೊಕದ್ದಮೆ ಆಯ್ದು ಕಾನೂನು ಬದಲಿಸುವ ವಿಧಾನವನ್ನು ಕಪ್ಪು ಜನರ ಹಕ್ಕುಗಳಿಗಾಗಿ ವಕೀಲ ಥರ್ಗುಡ್ ಮಾರ್ಷಲ್ ತಂಡ ಬಳಸಿತ್ತು, ಎಸಿಎಲ್‌ಯು ಇಂದಿಗೂ ಬಳಸುತ್ತದೆ. ಇವರು ಮಾಡಿದರೆ ಮಾತ್ರ ಏಕೆ ತಕರಾರು ಎಂಬ ಪ್ರಶ್ನೆಯಲ್ಲಿ ಹುರುಳಿದೆ.

ವಿರೋಧಿಗಳು ನೋಡುವುದು ಸಂಸ್ಥೆಯ ಹಿನ್ನೆಲೆಯನ್ನು. ಸಲಿಂಗಿಗಳ ಖಾಸಗಿ ಸಂಬಂಧವನ್ನೇ ಅಪರಾಧವೆಂದ ಟೆಕ್ಸಸ್ ಕಾನೂನಿನ ಪರ 2003ರಲ್ಲಿ ಅದು ಸುಪ್ರೀಂ ಕೋರ್ಟಿಗೆ ಅಭಿಪ್ರಾಯ ಸಲ್ಲಿಸಿತ್ತು. 2013ರಲ್ಲಿ ಭಾರತದ ಸುಪ್ರೀಂ ಕೋರ್ಟ್ 377ನೇ ಕಲಮನ್ನು ಉಳಿಸಿದಾಗ ಎಡಿಎಫ್ ಕಡೆಯಿಂದ ಮೆಚ್ಚುಗೆಯ ಮಾತು ಬಂದಿತ್ತು. ತೀವ್ರವಾದಿ ಗುಂಪುಗಳ ಮೇಲೆ ಕಣ್ಣಿಡುವ ಸದರ್ನ್ ಪಾವರ್ಟಿ ಲಾ ಸೆಂಟರ್ ಎಂಬ ಸಂಸ್ಥೆ 2016ರಲ್ಲಿ ಇದನ್ನು ದ್ವೇಷದ ಗುಂಪುಗಳ ಪಟ್ಟಿಗೆ ಸೇರಿಸಿತು. ಅದು ಬರೀ ಕೆಸರೆರಚಾಟ ಎನ್ನುತ್ತದೆ ಎಡಿಎಫ್. ಪಟ್ಟಿಯ ಜಗಳಕ್ಕಿಂತ ಗಂಭೀರವಾದ ಆಕ್ಷೇಪ ಬೇರೆಯೇ ಇದೆ. ವೆಬ್‌ಸೈಟ್ ಅಭಿವ್ಯಕ್ತಿಯಾದರೆ ಫೋಟೊ? ಹೂವಿನ ಅಲಂಕಾರ? ಮದುಮಗಳ ಕೇಶಾಲಂಕಾರ? ಗೆರೆ ಎಲ್ಲಿ ಎಂದು 303 ಕ್ರಿಯೇಟಿವ್ ತೀರ್ಪು ಹೇಳಲಿಲ್ಲ. ವ್ಯಕ್ತಿಯನ್ನು ನಿರಾಕರಿಸುವುದು ಬೇರೆ, ಸಂದೇಶವನ್ನು ನಿರಾಕರಿಸುವುದು ಬೇರೆ ಎಂಬುದು ಕಾಗದದ ಮೇಲೆ ಒಪ್ಪುವ ಮಾತು. ಮದುವೆಯಂಥ ಸಂದರ್ಭದಲ್ಲಿ ವ್ಯಕ್ತಿಯೂ ಸಂದೇಶವೂ ಒಂದೇ ಆಗಿಬಿಡುವುದರಿಂದ ಗಿರಾಕಿಯ ಪಾಲಿಗೆ ಅದು ವ್ಯತ್ಯಾಸವೇ ಅಲ್ಲ.

ಭಾರತದಲ್ಲಿ ಇದೇ ಸಂಸ್ಥೆಯ ಇನ್ನೊಂದು ಮುಖ

ವಿಯೆನ್ನಾದಲ್ಲಿ ಕೇಂದ್ರವಿರುವ ಇದರ ಅಂತರರಾಷ್ಟ್ರೀಯ ಶಾಖೆಯ ಜಾಲದಲ್ಲಿ ಭಾರತವೂ ಇದೆ. ಎಡಿಎಫ್ ಇಂಡಿಯಾ ಇಲ್ಲಿ ಎತ್ತಿಕೊಂಡಿರುವುದು ಮುಖ್ಯವಾಗಿ ಮತಾಂತರ ನಿಷೇಧ ಕಾಯ್ದೆಗಳನ್ನು, ಪ್ರಾರ್ಥನಾ ಸಭೆಗಳ ಮೇಲಿನ ದಾಳಿ ಪ್ರಕರಣಗಳನ್ನು. ಅಲ್ಲಿ ಅಧಿಕಾರದ ಮೊಗಸಾಲೆಯವರೆಗೆ ಪ್ರವೇಶವಿರುವ ಬಹುಸಂಖ್ಯಾತ ಧರ್ಮದ ಪ್ರಬಲ ಸಂಸ್ಥೆ, ಇಲ್ಲಿ ಶೇ 2.3ರಷ್ಟಿರುವ ಅಲ್ಪಸಂಖ್ಯಾತರ ಪರ ವಕೀಲ. ಈ ಎರಡನ್ನೂ ಒಟ್ಟಿಗೆ ನೋಡದಿದ್ದರೆ ಚಿತ್ರ ಅಪೂರ್ಣ.

ಕರ್ನಾಟಕದ 2022ರ ಕಾಯ್ದೆಯನ್ನು ತೆಗೆದುಕೊಳ್ಳಿ. ಮತಾಂತರವಾಗುವವರು 30 ದಿನ ಮುಂಚೆ ಜಿಲ್ಲಾಡಳಿತಕ್ಕೆ ತಿಳಿಸಬೇಕೆಂದಿತು ಅದು. ರದ್ದುಪಡಿಸುವ ತೀರ್ಮಾನವನ್ನು ಸಚಿವ ಸಂಪುಟ 2023ರ ಜೂನ್‌ನಲ್ಲಿ ಕೈಗೊಂಡಿತು. ಇಂಥದೇ ಮುಂಗಡ ನೋಟಿಸಿನ ಷರತ್ತನ್ನು ಹಿಮಾಚಲ ಪ್ರದೇಶ ಹೈಕೋರ್ಟ್ 2012ರಲ್ಲಿ ತಳ್ಳಿಹಾಕಿತ್ತು. ಮನಸ್ಸಿನ ನಂಬಿಕೆಯನ್ನು ಸರ್ಕಾರದ ಮುಂದೆ ಬಾಯಿಬಿಟ್ಟು ಹೇಳಬೇಕಿಲ್ಲ ಎಂಬುದು ಅದರ ಸಾರ. ಭಾರತಕ್ಕೂ ಈ ತರ್ಕ ಹೊಸದಲ್ಲ: ರಾಷ್ಟ್ರಗೀತೆಗೆ ಎದ್ದು ನಿಂತರೂ ಹಾಡದಿದ್ದ ಕೇರಳದ ಮೂವರು ಮಕ್ಕಳನ್ನು ಶಾಲೆ ಹೊರಹಾಕಿದಾಗ ಸುಪ್ರೀಂ ಕೋರ್ಟ್ 1986ರಲ್ಲಿ ಅಭಿವ್ಯಕ್ತಿ, ಧರ್ಮ ಎರಡೂ ಹಕ್ಕುಗಳ ಆಧಾರದಲ್ಲಿ ಅವರ ಪರ ನಿಂತಿತು. ಅಮೆರಿಕದ 1943ರ ತೀರ್ಪೂ ಅಲ್ಲಿ ಚರ್ಚೆಗೆ ಬಂದಿತ್ತು. ಆದರೆ ಒಂದು ಆಚರಣೆ ಧರ್ಮಕ್ಕೆ ಅತ್ಯಗತ್ಯವೇ ಎಂದು ಅಳೆಯುವ ರೂಢಿ ನಮ್ಮ ಕೋರ್ಟುಗಳಿಗಿದೆ. 2022ರ ಹಿಜಾಬ್ ಪ್ರಕರಣದಲ್ಲಿ ಕರ್ನಾಟಕ ಹೈಕೋರ್ಟ್ ಕೇಳಿದ ಮೊದಲ ಪ್ರಶ್ನೆಯೂ ಅದೇ. ಅಮೆರಿಕದಲ್ಲಿ ನಂಬಿಕೆ ಪ್ರಾಮಾಣಿಕವೇ ಎಂದಷ್ಟೇ ನೋಡುತ್ತಾರೆ. ಹಾಗಾಗಿ ಎಡಿಎಫ್ ತಂತ್ರವನ್ನು ಇಲ್ಲಿಗೆ ಯಥಾವತ್ತು ತರಲಾಗದು.

ಮುಂದೇನಾಗಬಹುದು

ಸಮಾಲೋಚಕಿಯ ಪ್ರಕರಣದ ಬೇರು ಹರಡಿರುವುದು ವೈದ್ಯಕೀಯದಲ್ಲಿ. ಇಲ್ಲೂ ಯಾರ ಮೇಲೂ ಕ್ರಮ ಆಗಿರಲಿಲ್ಲ, ವೆಬ್ ವಿನ್ಯಾಸಕಿಯ ದಾರಿಯೇ. ಪರವಾನಗಿ ಪಡೆದವರು ಕೊಡುವ ಹಾನಿಕರ ಚಿಕಿತ್ಸೆಯನ್ನು ತಡೆಯುವುದು ತನ್ನ ಎಂದಿನ ಅಧಿಕಾರ ಎಂದು ವಾದಿಸಿತು ಕೊಲರಾಡೊ. ಈ ಬಗೆಯ ಚಿಕಿತ್ಸೆಯಿಂದ ಮಕ್ಕಳಿಗೆ ಹಾನಿಯೆಂದು ಅಮೆರಿಕದ ಪ್ರಮುಖ ವೈದ್ಯಕೀಯ ಸಂಘಟನೆಗಳೂ ಹೇಳಿವೆ. ಔಷಧವಿಲ್ಲ, ಶಸ್ತ್ರವಿಲ್ಲ, ಬರೀ ಮಾತು. ಅದರಲ್ಲೂ ಒಂದು ಅಭಿಪ್ರಾಯದ ಮಾತಿಗೆ ಮಾತ್ರ ನಿಷೇಧ ಎಂದಿತು ಎಡಿಎಫ್. ಟ್ರಂಪ್ ಸರ್ಕಾರವೂ ಆಕೆಯ ಪರ ವಾದಿಸಿತು. ವಾದದ ಹೊತ್ತಿಗೆ ಇಪ್ಪತ್ತಕ್ಕೂ ಹೆಚ್ಚು ರಾಜ್ಯಗಳಲ್ಲಿ ಇಂಥ ಕಾಯ್ದೆಗಳಿದ್ದವು.

ಮಾತಿನ ಚಿಕಿತ್ಸೆಯೂ ಶುದ್ಧ ಮಾತೇ ಎಂಬ ತತ್ವ ಬೇರೂರಿದರೆ ಅದು ಒಂದೇ ದಿಕ್ಕಿಗೆ ಹರಿಯುವುದಿಲ್ಲ. ಗರ್ಭಪಾತಕ್ಕೆ ಬಂದ ಮಹಿಳೆಗೆ ರಾಜ್ಯ ಬರೆದುಕೊಟ್ಟ ಮಾತುಗಳನ್ನೇ ವೈದ್ಯರು ಹೇಳಬೇಕೆಂಬ ನಿಯಮಗಳು ಸಂಪ್ರದಾಯವಾದಿ ರಾಜ್ಯಗಳಲ್ಲೇ ಹೆಚ್ಚು. ಗರ್ಭಪಾತ ವಿರೋಧಿ ಕೇಂದ್ರಗಳು ಸರ್ಕಾರಿ ಸೇವೆಯ ಮಾಹಿತಿಯನ್ನು ಗೋಡೆಗೆ ಅಂಟಿಸಬೇಕೆಂದ ಕ್ಯಾಲಿಫೋರ್ನಿಯಾದ ಕಾಯ್ದೆಯನ್ನು ಎಡಿಎಫ್ 2018ರಲ್ಲಿ ಇದೇ ತರ್ಕದಿಂದ ಸೋಲಿಸಿತ್ತು. ಆ ತರ್ಕವನ್ನು ಹಿಡಿದು ಎದುರು ಪಾಳಯದ ವೈದ್ಯರು ಕೋರ್ಟಿಗೆ ಹೋದರೆ, ಆಗ ಆ ರಾಜ್ಯಗಳ ಪರ ವಕೀಲರು ಹೇಳಬೇಕಾಗುವುದು ಈ ಪ್ರಕರಣದಲ್ಲಿ ಕೊಲರಾಡೊ ಹೇಳಿದ್ದನ್ನೇ: ಇದು ಮಾತಲ್ಲ, ವೈದ್ಯವೃತ್ತಿಯ ನಿಯಂತ್ರಣ.